ಚಂದ್ರನಿಗೆ ಕಟ್ಟಿದ ದಾರ

ನಮ್ಮ ಊರಿನಲ್ಲಿ ಮದುವೆಗೆ ಹದಿಮೂರು ನಿಮಿಷ ಸಾಕು. ಟಾಕೀಸಿನ ನಡುಸಾಲಿನಲ್ಲಿ ಕೆಂಪು ಬಟ್ಟೆ ಹೊದಿಸಿದ ಎರಡು ಕುರ್ಚಿಗಳಿವೆ. ಭಾನುವಾರ ನಾಲ್ಕು ಗಂಟೆಗೆ ಗಂಡು ಹೆಣ್ಣು ಬಂದು ಅಲ್ಲಿ ಕೂರುತ್ತಾರೆ, ಊರಿನವರು ಸುತ್ತ ಕೂರುತ್ತಾರೆ, ದೀಪ ಆರುತ್ತದೆ, ಅವರಿಬ್ಬರ ಚಿತ್ರ ಓಡುತ್ತದೆ. ಹೇಗೆ ಪರಿಚಯವಾಯಿತು, ಹೇಗೆ ಮನಸ್ಸು ಕೂಡಿತು ಎಂಬುದರ ಚಿತ್ರ. ಒಂದು ರೀಲು, ಹದಿಮೂರು ನಿಮಿಷ. ಅದಕ್ಕಿಂತ ಹೆಚ್ಚು ನಮ್ಮ ಯಂತ್ರಕ್ಕೆ ಹಿಡಿಸುವುದಿಲ್ಲ. ದೀಪ ಮತ್ತೆ ಹತ್ತಿದಾಗ ಅವರು ಗಂಡ ಹೆಂಡತಿ. ಪರದೆಯ ಮೇಲೆ ಬಂದದ್ದು ಅವರ ನೆನಪಿನಲ್ಲಿ ಉಳಿಯುತ್ತದೆ. ಅಲ್ಲಿಯವರೆಗೆ ಅವರಿಬ್ಬರ ನಡುವೆ ನಡೆದದ್ದರಲ್ಲಿ ಪರದೆಯ ಮೇಲೆ ಬಾರದೆ ಇದ್ದದ್ದು ಹೋಗುತ್ತದೆ. ಉಳಿದವರಿಗೆ ಏನೂ ಆಗುವುದಿಲ್ಲ. ಬೇಕಾದರೆ ಅವರು ನೆನಪು ಮಾಡಿಕೊಡಬಹುದು, ಆದರೆ ಕೇಳಿದವರಿಗೆ ಅದು ಯಾರದೋ ಮನೆಯ ಸುದ್ದಿ. ಮೊದಲೇ ಬರೆದಿಟ್ಟುಕೊಂಡವರೂ ಇದ್ದಾರೆ. ಆಮೇಲೆ ತಮ್ಮದೇ ಅಕ್ಷರ ಓದಿ, "ಯಾರೋ ಪಾಪ, ಚೆನ್ನಾಗಿ ಬರ್ದಿದಾರೆ" ಅಂದರಂತೆ.

ನಾನು ವಾರಿಜಾ. ಆ ಚಿತ್ರಗಳನ್ನು ಕತ್ತರಿಸಿ ಅಂಟಿಸುವ ಕೆಲಸ ನನ್ನದು. ಟಾಕೀಸಿನ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಕತ್ತರಿ, ಒಂದು ಅಂಟಿನ ಸೀಸೆ. ಎರಡು ಗಂಟೆಯಷ್ಟು ಒಳಗೆ ಬರುತ್ತದೆ, ಹದಿಮೂರು ನಿಮಿಷ ಹೊರಗೆ ಹೋಗುತ್ತದೆ. ಮಿಕ್ಕದ್ದನ್ನು ಏನು ಮಾಡುತ್ತೀರಿ ಎಂದು ಮದುವೆಗೆ ಮುಂಚೆ ಎಲ್ಲರೂ ಕೇಳುತ್ತಾರೆ. ಮದುವೆಯಾದ ಮೇಲೆ ಒಬ್ಬರೂ ಕೇಳಿದ್ದಿಲ್ಲ. ನನಗೆ ಮೊದಲಿನಿಂದಲೂ ಗಾಬರಿಯ ಸ್ವಭಾವ, ಬಾಗಿಲಿಗೆ ಬೀಗ ಹಾಕಿದ ಮೇಲೂ ಎರಡು ಸಲ ಎಳೆದು ನೋಡುವವಳು. ಅಂಥವಳ ಕೈಗೆ ಊರಿನವರು ತಮ್ಮ ನೆನಪುಗಳನ್ನೇ ಕೊಟ್ಟು ಹೋಗುತ್ತಿದ್ದರು ಎಂದರೆ ನನ್ನ ಪಾಡು ನೀವೇ ಊಹಿಸಿ.

ತಿಪ್ಪೇಶ ಅಲಂಕಾರದವನು. ಜೋಡಿಯ ಕತೆ ಏನೇ ಇರಲಿ, ಅದಕ್ಕೆ ಬಣ್ಣ, ಬೆಡಗು ಎಲ್ಲ ಕೊಡುವವನು ಅವನೇ. ಸೊಳ್ಳೆಪರದೆ, ಹಳೆಯ ಗಡಿಯಾರದ ಚಕ್ರ, ಬಣ್ಣದ ಗಾಜು, ದಾರ, ಇಷ್ಟಿದ್ದರೆ ಸಾಕು. ಇಬ್ಬರು ಬಸ್ಸಿನಲ್ಲಿ ಭೇಟಿಯಾದರು ಎಂದರೆ ಅವನ ಬಸ್ಸಿಗೆ ಜಿಂಕೆಯ ಕಾಲುಗಳು ಮೂಡುತ್ತಿದ್ದವು. ಕಾಫಿ ಕುಡಿದರು ಎಂದರೆ ಲೋಟ ತಾನೇ ಎದ್ದು ಮೇಜಿನ ಮೇಲೆ ನಡೆದುಕೊಂಡು ಹೋಗುತ್ತಿತ್ತು. ಅವನು ಬಂದ ಮೇಲೆ ಊರಿನಲ್ಲಿ ಯಾರಿಗೂ ಸಾದಾ ಚಿತ್ರ ಬೇಡವಾಯಿತು. "ಕತೆ ಹೆಂಗೋ ಇರ್ಲಿ ವಾರಿಜಮ್ಮ, ಆ ನಡಿಯೋ ಲೋಟ ಮಾತ್ರ ತೆಗೀಬೇಡಿ" ಎಂದು ನನ್ನ ಮೇಜಿನ ಹತ್ತಿರ ಬಂದು ಹೇಳಿ ಹೋಗುತ್ತಿದ್ದರು. ನಾನು ತೆಗೆಯುತ್ತಿರಲಿಲ್ಲ. ಲೋಟಕ್ಕೆ ಜಾಗ ಮಾಡಲು ಅವರು ಆ ದಿನ ಆಡಿಕೊಂಡ ಮಾತನ್ನು ಕತ್ತರಿಸುತ್ತಿದ್ದೆ.

ಇದರ ಫಲ ನೋಡಬೇಕಿದ್ದರೆ ನಮ್ಮ ಪಕ್ಕದ ಮನೆಗೆ ಬರಬೇಕು. ಅಲ್ಲಿ ಚೆನ್ನಾಜಮ್ಮ ಮತ್ತು ಅವರ ಯಜಮಾನರು ಇದ್ದಾರೆ. ಅವರ ಚಿತ್ರಕ್ಕೆ, ಆ ಕಾಲಕ್ಕೆ ಅಪರೂಪವಾಗಿ, ತಿಪ್ಪೇಶನ ಅಪ್ಪ ಒಂದು ದೊಡ್ಡ ಹಂಸ ಮಾಡಿದ್ದನಂತೆ. ಯಜಮಾನರು ಹಂಸದ ಮೇಲೆ ಬರುವುದು, ಇವರು ಹತ್ತುವುದು, ಮೋಡದೊಳಗೆ ಹೋಗುವುದು, ಅಷ್ಟೇ ಚಿತ್ರ. "ಹಂಸ ಹತ್ತಿದ್ದು ಗೊತ್ತು ಕಣೇ. ಯಾಕೆ ಹತ್ತಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಇವರನ್ನ ಕೇಳಿದ್ರೆ, ರೆಕ್ಕೆ ಎಷ್ಟು ಬೆಳ್ಳಗಿತ್ತು ಅಂತಾರೆ" ಎಂದು ಚೆನ್ನಾಜಮ್ಮ ನಗುತ್ತಾರೆ. ನಲವತ್ತು ವರ್ಷ ಒಟ್ಟಿಗೆ ಬಾಳಿದ್ದಾರೆ, ಜಗಳವೇನೂ ಇಲ್ಲ. ಆದರೂ ಒಮ್ಮೊಮ್ಮೆ ಅವರು ಊಟದ ಹೊತ್ತಿನಲ್ಲಿ ಗಂಡನ ಮುಖವನ್ನು ನೋಡುವ ರೀತಿ ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ.

ಈಗ ನನ್ನದಕ್ಕೆ ಬರುತ್ತೇನೆ. ನಮ್ಮ ಮದುವೆಗೆ ಮೂರು ವರ್ಷ ಮುಂಚೆ ಲಿಂಗರಾಜು ಮತ್ತು ಸಾವಂತ್ರಿ ಎಂಬ ಜೋಡಿಯ ರೀಲು ನನ್ನ ಕೋಣೆಯಲ್ಲಿ ಹಾಳಾಯಿತು. ಶನಿವಾರ ಸಂಜೆ ಅಂಟಿಸಿ ಡಬ್ಬಿಗೆ ಹಾಕಿ ಹೋಗಿದ್ದೆ. ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಅದು ಹಿತ್ತಿಲ ನೀರಿನ ತೊಟ್ಟಿಯಲ್ಲಿತ್ತು, ಬಣ್ಣವೆಲ್ಲ ಕರಗಿ. ಗೊತ್ತು ಮಾಡಿದ ದಿನ ಕುರ್ಚಿ ಖಾಲಿ ಉಳಿದರೆ ಒಂದು ವರ್ಷ ಮತ್ತೆ ಅದರಲ್ಲಿ ಕೂರುವಂತಿಲ್ಲ ಎಂಬುದು ನಮ್ಮಲ್ಲಿ ನಡೆದುಬಂದದ್ದು. ಆ ವರ್ಷ ಮುಗಿಯುವುದರೊಳಗೆ ಸಾವಂತ್ರಿಯ ಅಪ್ಪ ಮನಸ್ಸು ಬದಲಿಸಿ ಮಗಳನ್ನು ಕರೆದುಕೊಂಡು ಊರು ಬಿಟ್ಟ. ಲಿಂಗರಾಜು ಈಗಲೂ ಒಬ್ಬನೇ ಇದ್ದಾನೆ. ತಪ್ಪು ನನ್ನ ತಲೆಗೆ ಬಂತು. ಐದು ತಿಂಗಳು ಯಾರೂ ನನ್ನ ಕೈಗೆ ರೀಲು ಕೊಡಲಿಲ್ಲ, ಬೇರೆ ಊರಿಗೆ ಹೋಗಿ ಅಂಟಿಸಿಕೊಂಡು ಬರುತ್ತಿದ್ದರು. ನಾನೇ ಏನೋ ಮರೆತೆನೇ, ತೊಟ್ಟಿಯ ಹತ್ತಿರ ನಾನೇ ಇಟ್ಟಿದ್ದೆನೇ ಎಂದು ಯೋಚಿಸಿ ಯೋಚಿಸಿ ಅರ್ಧವಾಗಿದ್ದೆ.

ಆಮೇಲೆ ಒಂದು ಭಾನುವಾರ, ಯಾರದೋ ಚಿತ್ರ ಶುರುವಾಗುವ ಮುಂಚೆ, ತಿಪ್ಪೇಶ ಹೋಗಿ ಪರದೆಯ ಮುಂದೆ ನಿಂತ. ಅವನ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. "ಲಿಂಗರಾಜು ರೀಲು ತೊಟ್ಟಿಗೆ ಬಿದ್ದಿದ್ದು ನನ್ನ ಕೈಯಿಂದ. ನೋಡೋಕೆ ಅಂತ ತಗೊಂಡಿದ್ದೆ, ಜಾರ್ತು. ವಾರಿಜಾದು ಏನೂ ತಪ್ಪಿಲ್ಲ" ಎಂದ. ನಾನು ಕೊನೆಯ ಸಾಲಿನಲ್ಲಿ ಕೂತು ಜೋರಾಗಿ ಅತ್ತುಬಿಟ್ಟೆ. ಒಂದು ತಿಂಗಳು ಅವನ ಮುಖ ನೋಡಲಿಲ್ಲ. ಅವನು ಮಾತ್ರ ದಿನಾ ಮನೆಮನೆಗೆ ಹೋಗಿ, ವಾರಿಜಾಗೆ ಕೆಲಸ ಕೊಡಿ ಎಂದು ಕೇಳಿಕೊಂಡು ರೀಲುಗಳನ್ನು ಹೊತ್ತು ತರುತ್ತಿದ್ದ. ತಂದವನು ಮೇಜಿನ ಮೇಲೆ ಇಡುವಾಗ ಎರಡೂ ಕೈಯಲ್ಲಿ ಹಿಡಿದು, ಇಟ್ಟ ಮೇಲೂ ಒಂದು ಗಳಿಗೆ ಕೈ ತೆಗೆಯುತ್ತಿರಲಿಲ್ಲ. ಅದನ್ನು ನೋಡಿ ನೋಡಿಯೇ ನನ್ನ ಸಿಟ್ಟು ಇಳಿಯಿತು. ಸಿಟ್ಟು ಇಳಿದ ಮೇಲೆ ಏನಾಯಿತು ಎಂದು ಹೇಳಬೇಕಾಗಿಲ್ಲ.

ನಮ್ಮ ಚಿತ್ರಕ್ಕೆ ದಿನ ಗೊತ್ತಾದ ಕೂಡಲೇ ಅವನು ನಾಲ್ಕು ಮಾರು ಉದ್ದದ ಕಾಗದ ತಂದು ನನ್ನ ಮೇಜಿನ ಮೇಲೆ ಹಾಸಿದ. ಛತ್ರಿಯ ಒಳಗೆ ನೀರು, ನೀರಿನಲ್ಲಿ ಮೀನು, ಛತ್ರಿಯ ಕೆಳಗೆ ನಾವಿಬ್ಬರು. ಹಾಡುವ ಹೊಲಿಗೆ ಯಂತ್ರ ನಮ್ಮ ಬಟ್ಟೆಗಳನ್ನು ನಾವು ತೊಟ್ಟಿರುವಾಗಲೇ ಹೊಲಿಯುತ್ತದೆ. ಗಾಜಿನ ಮೆಟ್ಟಿಲು, ಹತ್ತಿದಷ್ಟೂ ಒಂದೊಂದು ಮೆಟ್ಟಿಲು ಕರಗಿ ಗುಬ್ಬಿಯಾಗಿ ಹಾರುತ್ತದೆ. ಚಂದ ಅಂದರೆ ಚಂದ. ನಾನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಎರಡು ಸಲ ನೋಡಿದೆ.

"ಇದ್ರಲ್ಲಿ ನಾವೆಲ್ಲಿ?" ಎಂದೆ. "ಇಗೋ, ಛತ್ರಿ ಕೆಳಗೆ" ಎಂದ. "ಅದು ಕಾಣ್ತದೆ. ನೀನು ಪರದೆ ಮುಂದೆ ನಿಂತು ಹೇಳಿದ್ದು ಎಲ್ಲಿ?" ಅವನು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಕಾಗದ ಸುತ್ತತೊಡಗಿದ. "ಕತೆ ಎಲ್ರಿಗೂ ಒಂದೇ ವಾರಿಜಾ. ಹುಡುಗ, ಹುಡುಗಿ, ಮದುವೆ. ಚಂದ ಮಾತ್ರ ಬೇರೆ ಬೇರೆ." ನನಗೆ ರೇಗಿತು. "ಹದಿಮೂರು ನಿಮಿಷ ಮೀನು ನೋಡ್ಕೊಂಡು ಕೂತ್ರೆ, ಎದ್ದ ಮೇಲೆ ನಿನ್ನನ್ನ ಯಾಕೆ ಒಪ್ಪಿದೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು? ಎರಡು ನಿಮಿಷ ಆ ಮಾತಿಗೆ ಇಡ್ತೀನಿ. ಬರಿ ಗೋಡೆ ಮುಂದೆ ನಿಂತು ಹೇಳಿದ್ರೂ ಸಾಕು" ಎಂದೆ. ಅವನು ಆಗಲಿ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಅಲಂಕಾರಗಳು ಒಂದೊಂದಾಗಿ ಸಿದ್ಧವಾದವು, ಚಿತ್ರ ತೆಗೆದದ್ದಾಯಿತು, ಹನ್ನೊಂದು ನಿಮಿಷ ಅಂಟಿಸಿದ್ದಾಯಿತು. ಆ ಎರಡು ನಿಮಿಷ ಮಾತ್ರ ಖಾಲಿ. ಭಾನುವಾರ ಹತ್ತಿರ ಬಂದಷ್ಟೂ ನನಗೆ ಅನ್ನ ಸೇರುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ನಾನೇ ಅವನ ಕಾರ್ಖಾನೆಗೆ ಹೋದೆ. ಚಿತ್ರ ತೆಗೆದು ಮುಗಿದಿದ್ದರೂ ಅವನು ಇನ್ನೂ ಗುಬ್ಬಿಗಳಿಗೆ ಬಣ್ಣ ಬಳಿಯುತ್ತಿದ್ದ. ಇವತ್ತು ತೆಗೆಯದಿದ್ದರೆ ಇನ್ನು ಆಗುವುದಿಲ್ಲ ಎಂದು ಹೇಳಿದೆ. ಅವನು ಕುಂಚ ಕೆಳಗಿಟ್ಟ. "ಅದನ್ನ ನಾನು ಮತ್ತೊಂದ್ ಸಲ ಹೇಳೋಕಾಗಲ್ಲ. ಅದು ಸುಳ್ಳು" ಎಂದ. ನನಗೆ ಅರ್ಥವಾಗಲಿಲ್ಲ. "ಜಾರ್ತು ಅಂದೆ. ಜಾರ್ಲಿಲ್ಲ. ಲಿಂಗರಾಜು ಚಿತ್ರಕ್ಕೆ ಒಂದು ಚಂದ್ರನ್ನ ಮಾಡಿದ್ನಲ್ಲ, ಅದು ಇಳಿದು ಬಂದು ಅವರ ತೊಡೆ ಮೇಲೆ ಕೂರೋದು. ನೀನು ಹೋದ ಮೇಲೆ, ನನ್ನ ಹತ್ರ ಇದ್ದ ಕೀಲಿಯಿಂದ ಬೀಗ ತೆಗೆದು, ನೋಡೋಣ ಅಂತ ಬಂದೆ. ಕಿಟಕಿ ಬೆಳಕಿಗೆ ಹಿಡಿದ್ರೆ ಚಂದ್ರನಿಗೆ ಕಟ್ಟಿದ ದಾರ ಕಾಣ್ತಿತ್ತು. ಉದ್ದಕ್ಕೂ. ಊರೆಲ್ಲ ನಗ್ತದೆ ಅನ್ನಿಸ್ತು. ತಗೊಂಡು ಹೋಗಿ ತೊಟ್ಟೀಲಿ ಮುಳುಗಿಸಿದೆ. ಮೇಲೆ ಬರ್ತಿತ್ತು, ಕೈಯಲ್ಲಿ ಒತ್ತಿ ಹಿಡಿದೆ."

ನಾನು ಏನೇನು ಅಂದೆನೋ. "ಒಂದು ದಾರಕ್ಕೋಸ್ಕರ ಎರಡು ಜನರ ಬಾಳು ಮುಳುಗಿಸಿದ್ಯಲ್ಲೋ! ಐದು ತಿಂಗಳು ನನ್ನನ್ನ ಸಾಯಿಸಿದ್ಯಲ್ಲೋ!" ಎಂದು ಕೂಗಿದ್ದು ನೆನಪಿದೆ. ಒಂದು ಗುಬ್ಬಿಯನ್ನು ನೆಲಕ್ಕೆ ಕುಕ್ಕಿದ್ದೂ ನೆನಪಿದೆ. ಅವನು ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ, "ಮೂರು ವರ್ಷ ಆಯ್ತು, ಕಣ್ಮುಚ್ಚಿದ್ರೆ ಕೈಯಡಿ ಆ ರೀಲು ಮೇಲೆ ಬರೋದೇ ಗೊತ್ತಾಗ್ತದೆ. ಅದಕ್ಕೇ ಚಿತ್ರದಲ್ಲಿ ಹಾಕದೆ ದಿನ ತಳ್ತಿದ್ದೆ, ಮರೆತು ಹೋಗ್ಲಿ ಅಂತ. ಆದ್ರೆ ನಿನಗೆ ಹೇಳ್ದೆ ಕಳ್ಕೊಳೋಕೆ ಮನಸ್ಸಾಗ್ಲಿಲ್ಲ. ಈಗ ನೀನು ಮದುವೇನೇ ಬೇಡ ಅಂದ್ರೂ ಸರಿ" ಎಂದ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತೆ. ಬೇಡವೆನ್ನುವುದಕ್ಕೆ ಬೇಕಾದಷ್ಟು ಕಾರಣವಿತ್ತು. ಆದರೆ ಎಷ್ಟು ತಿರುಗಿಸಿ ನೋಡಿದರೂ ಒಂದು ಮಾತು ಅಡ್ಡ ಬರುತ್ತಿತ್ತು. ನಮ್ಮಿಬ್ಬರ ಕತೆ ಶುರುವಾದದ್ದೇ ಆ ತೊಟ್ಟಿಯಿಂದ; ಇನ್ನು ಮೂರು ದಿನ ಬಾಯಿ ಮುಚ್ಚಿಕೊಂಡಿದ್ದರೆ ಅವನ ಪಾಲಿಗೆ ಅದು ತಾನಾಗಿ ಅಳಿಸಿ ಹೋಗುತ್ತಿತ್ತು. ನನಗೆ ಗೊತ್ತಾಗುತ್ತಿರಲಿಲ್ಲ, ಅವನಿಗೂ ಗೊತ್ತಿರುತ್ತಿರಲಿಲ್ಲ. ಅಷ್ಟು ಸುಲಭವಿದ್ದಾಗಲೂ ಹೇಳಿದ. ಅಲ್ಲಿಯವರೆಗೆ ನನಗೆ ಅವನ ಮೇಲೆ ಇದ್ದದ್ದು ಅರ್ಧ ಪ್ರೀತಿ, ಅರ್ಧ ಉಪಕಾರ ಸ್ಮರಣೆ. ಆ ಸಂಜೆ ಅದು ಪೂರಾ ಆಯಿತು. ಸಿಟ್ಟೂ ಇತ್ತು, ಪ್ರೀತಿಯೂ ಇತ್ತು.

ಅವನಿಗೆ ಮರೆಯಬೇಕಿತ್ತು. ನನಗೆ ಮರೆಯುವುದು ಬೇಡವಾಗಿತ್ತು. ಶುಕ್ರವಾರ ಚೆನ್ನಾಜಮ್ಮನವರಿಗೆ ಎಲ್ಲ ಹೇಳಿದೆ. ಪರದೆ ನೋಡಿದರೆ ತಾನೇ ಅಳಿಸುವುದು; ಆದರೆ ಕುರ್ಚಿಯಲ್ಲಿ ಕೂತವರು ಕಣ್ಣು ಮುಚ್ಚುವಂತಿಲ್ಲ, ಆಚೆ ಈಚೆ ಇಬ್ಬರು ಹಿರಿಯ ಹೆಂಗಸರು ಅದನ್ನೇ ನೋಡಿಕೊಂಡು ಕೂತಿರುತ್ತಾರೆ. ಚೆನ್ನಾಜಮ್ಮ ತಮ್ಮ ಕನ್ನಡಕ ತೆಗೆದು ನನ್ನ ಮೂಗಿಗೆ ಏರಿಸಿದರು. ಸೀಸೆಯ ತಳದಷ್ಟು ದಪ್ಪದ ಗಾಜು. ಅವರ ಮುಖವೇ ಕರಗಿ ಹೋಯಿತು. "ಕಣ್ಣು ಬಿಟ್ಕೊಂಡೇ ಕೂತಿರು, ಏನೂ ಕಾಣಲ್ಲ. ಕೇಳಿದ್ರೆ ಕಣ್ಣು ನೋವು ಅನ್ನು. ನಾನು ಹಂಸ ನೋಡಿ ಕೆಟ್ಟೆ, ನೀನಾದ್ರೂ ನೋಡ್ಬೇಡ" ಎಂದರು. "ಇದು ಸಾಕಾಗ್ತದಾ?" ಎಂದೆ. "ಯಾರಿಗ್ಗೊತ್ತು" ಎಂದರು.

ಖಾಲಿಯಿದ್ದ ಎರಡು ನಿಮಿಷಕ್ಕೆ ಮಿಕ್ಕಿದ್ದ ತುಂಡುಗಳಿಂದ ನನ್ನ ಕೈಯಾರೆ ಗುಬ್ಬಿಗಳನ್ನು ಅಂಟಿಸಿದೆ. ಭಾನುವಾರ ಆ ಕನ್ನಡಕ ಏರಿಸಿಕೊಂಡು ಕುರ್ಚಿಯಲ್ಲಿ ಕೂತೆ, ದೀಪ ಆರಿದಾಗ ತಿಪ್ಪೇಶ ನನ್ನ ಕೈ ಹಿಡಿದುಕೊಂಡ. ಎದುರಿಗೆ ನೀಲಿ, ಹಳದಿ, ಬಿಳಿ ಮಬ್ಬು. ಜನ ಆಹಾ ಎನ್ನುತ್ತಿದ್ದರು. ನಾನು ಮನಸ್ಸಿನಲ್ಲೇ, ಜಾರ್ಲಿಲ್ಲ, ಮುಳುಗಿಸಿದ, ಆಮೇಲೆ ಬಂದು ಹೇಳಿದ, ಎಂದು ಮಗ್ಗಿ ಒಪ್ಪಿಸುವ ಹಾಗೆ ಹೇಳಿಕೊಳ್ಳುತ್ತಿದ್ದೆ. ಹಿಂದಿನ ಸಾಲಿನಲ್ಲಿ ಕನ್ನಡಕವಿಲ್ಲದೆ ಕೂತ ಚೆನ್ನಾಜಮ್ಮ, "ಏನಾಗ್ತಿದೆ? ಏನಾಗ್ತಿದೆ ಹೇಳ್ರೇ" ಎಂದು ಪಕ್ಕದವರನ್ನು ಕೇಳುತ್ತಿದ್ದುದು ಕೇಳಿಸಿತು. "ಏನೂ ಆಗ್ತಿಲ್ಲ, ಭಾಳ ಚೆನ್ನಾಗಿದೆ" ಎಂದು ಅವರು ಉತ್ತರ ಕೊಟ್ಟರು.

ಕನ್ನಡಕ ಸಾಕಾಗಿತ್ತು. ನನಗೆ ಎಲ್ಲ ಉಳಿಯಿತು. ತಿಪ್ಪೇಶ ಟಾಕೀಸಿನಿಂದ ಹೊರಗೆ ಬಂದಾಗ ಹತ್ತು ವರ್ಷ ಚಿಕ್ಕವನಾಗಿದ್ದ. ನಾನು ಛತ್ರಿಯ ಕೆಳಗೆ ಅವನನ್ನು ಮೊದಲು ನೋಡಿ ನಕ್ಕದ್ದನ್ನು ನನಗೇ ವರ್ಣಿಸಿದ. ನಾನು ಹೌದು ಹೌದು ಎಂದೆ. ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ ಹೋಗುತ್ತಿದ್ದ, ಸಿಳ್ಳೆ ಹಾಕುತ್ತಾ ಏಳುತ್ತಿದ್ದ. ಒಳ್ಳೆಯದನ್ನೇ ಮಾಡಿದೆ ಅಂದುಕೊಂಡೆ. ಸ್ವಲ್ಪ ಒಂಟಿ ಅನ್ನಿಸುತ್ತಿತ್ತು, ಇಬ್ಬರು ಹೊರಬೇಕಾದ್ದನ್ನು ಒಬ್ಬಳೇ ಹೊತ್ತ ಹಾಗೆ. ಆದರೆ ಅದು ನಾನೇ ಒಪ್ಪಿಕೊಂಡ ಭಾರ.

ಎರಡು ತಿಂಗಳಾದ ಮೇಲೆ ನನ್ನ ಗಾಬರಿ ಬೇರೆ ದಾರಿ ಹಿಡಿಯಿತು. ಮುಂಚೆ ಅವನು ರೀಲು ತಂದರೆ ಎರಡೂ ಕೈಯಲ್ಲಿ ತರುತ್ತಿದ್ದ. ಈಗ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು ಮೇಜಿನ ಮೇಲೆ ಧೊಪ್ಪನೆ ಹಾಕುತ್ತಿದ್ದ. ಮುಂಚೆ ಯಾವ ಅಲಂಕಾರದಲ್ಲಿ ಕುಂದಿದ್ದರೂ ಜೋಡಿಯನ್ನು ಕರೆದು, ಇಲ್ಲಿ ತಂತಿ ಕಾಣ್ತದೆ, ನಿಮಗೆ ಸರಿಯಾ ಎಂದು ಕೇಳುತ್ತಿದ್ದ. ಈಗ ಕೇಳುವುದೇ ಬಿಟ್ಟಿದ್ದ. "ಚಂದ ಮಾಡೋನು ನಾನು, ಅವರನ್ನೇನು ಕೇಳೋದು?" ಎನ್ನುತ್ತಿದ್ದ. ಅವನನ್ನು ನಿದ್ದೆಗೆಡಿಸಿದ್ದೇ ಅವನನ್ನು ಹಿಡಿದು ನಿಲ್ಲಿಸಿತ್ತು ಎಂಬುದು ನನಗೆ ಆಗ ಹೊಳೆಯಿತು. ನೋವು ತೆಗೆಯುತ್ತೇನೆ ಎಂದು ಹೋಗಿ ನಾನು ಅದನ್ನೂ ಕತ್ತರಿಸಿ ಬುಟ್ಟಿಗೆ ಹಾಕಿದ್ದೆ. ನನ್ನಂಥ ಮೂರ್ಖಳು ಇಲ್ಲ.

ಹೋದ ಶನಿವಾರ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಮಂದಾರಳ ರೀಲು ಅಂಟಿಸಿ ಮುಗಿಸಿದ್ದೆ. ಭಾನುವಾರ ಅವಳ ಮದುವೆ. ಮಧ್ಯಾಹ್ನ ತಿಪ್ಪೇಶ ಬಂದು ರೀಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ನಿಂತ. ಅವಳ ಚಿತ್ರದಲ್ಲಿ ಒಂದು ಅಂಚೆ ಡಬ್ಬ ಹೂವಿನಂತೆ ಅರಳಿ ಮೇಲಕ್ಕೆ ತೇಲಿ ಹೋಗುವುದಿತ್ತು. ಅವನ ಸಿಳ್ಳೆ ನಿಂತಿತು. "ತಂತಿ ಕಾಣ್ತದೆ" ಎಂದ. "ಸ್ವಲ್ಪ ಕಾಣ್ತದೆ. ಮಂದಾರಂಗೆ ಹೇಳು, ಅವಳೇನು ಬೇಡ ಅನ್ನಲ್ಲ" ಎಂದೆ, ಧ್ವನಿ ಆದಷ್ಟು ಸಾದಾ ಇಟ್ಟುಕೊಂಡು. ಅವನು ರೀಲನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. "ನಾಳೆ ಇದು ಓಡೋದು ಬೇಡ ವಾರಿಜಾ. ಎಲ್ರೂ ನಗ್ತಾರೆ. ಕೆಲವು ಸಲ ರೀಲು ಹಾಳಾಗ್ತವಂತಲ್ಲ. ಯಾರ ತಪ್ಪೂ ಇರಲ್ಲ."

ಕಿತ್ತುಕೊಳ್ಳೋಣ ಎನ್ನಿಸಿತು. ಕಿತ್ತುಕೊಂಡರೆ ಇವತ್ತು ಉಳಿಯುತ್ತದೆ, ಮುಂದಿನ ವಾರ? "ಕೂತ್ಕೋ, ಒಂದು ವಿಷಯ ಹೇಳ್ತೀನಿ" ಎಂದೆ. ಸ್ಟೂಲು ಎಳೆದುಕೊಂಡು ಕೂತ, ಡಬ್ಬಿ ತೊಡೆಯ ಮೇಲೆ. ಒಬ್ಬ ಅಲಂಕಾರದವನಿದ್ದ ಎಂದು ಶುರು ಮಾಡಿದೆ. ಚಂದ್ರ, ದಾರ, ತೊಟ್ಟಿ, ಒತ್ತಿ ಹಿಡಿದ ಕೈ. ಊರು ಬಿಟ್ಟ ಹುಡುಗಿ, ಒಬ್ಬನೇ ಉಳಿದ ಹುಡುಗ, ಐದು ತಿಂಗಳು ತಪ್ಪು ಹೊತ್ತ ಹೆಂಗಸು. ಏನೂ ಬಣ್ಣ ಹಚ್ಚಲಿಲ್ಲ, ಆದದ್ದನ್ನು ಆದ ಹಾಗೆ ಹೇಳಿದೆ. ಅವನು ಮೊದಮೊದಲು ಕಿಟಕಿಯ ಕಡೆ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದ. "ಥೂ, ಎಂಥಾ ಮನುಷ್ಯ" ಎಂದ ಒಂದು ಕಡೆ. ಇನ್ನೊಂದು ಕಡೆ, "ಆಮೇಲೆ?" ಎಂದ. ಕತೆ ಎಲ್ಲರಿಗೂ ಒಂದೇ ಎನ್ನುತ್ತಿದ್ದವನ ಬಾಯಲ್ಲಿ ಆ ಮಾತು ನಾನು ಮೊದಲ ಸಲ ಕೇಳಿದ್ದು.

ಪರದೆಯ ಮುಂದೆ ನಿಂತು ಹೇಳಿದ ಅರ್ಧ ಸುಳ್ಳಿನವರೆಗೂ ಬಂದೆ. ಮದುವೆಗೆ ಮೂರು ದಿನ ಮುಂಚೆ ಹೇಳಿದ ಪೂರ್ತಿ ನಿಜವನ್ನೂ ಹೇಳಿದೆ. "ಅಂಥವನನ್ನ ಆ ಹೆಂಗಸು ಮದುವೆ ಆದ್ಲಾ?" ಎಂದು ಕೇಳಿದ. "ಆದ್ಲು." "ಯಾಕೆ?" "ಹೇಳ್ದೆ ಇದ್ರೂ ನಡೀತಿತ್ತು, ಅವನಿಗೆ ಗೊತ್ತಿತ್ತು. ಆದ್ರೂ ಬಂದು ಹೇಳಿದ. ಅದಕ್ಕೆ" ಎಂದೆ. ಅವನು ಎದ್ದು ಡಬ್ಬಿ ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲು ದಾಟಿದ. ನಮ್ಮ ಬಾಗಿಲಿಂದ ಎಡಕ್ಕೆ ಹೋದರೆ ಹಿತ್ತಿಲು, ಬಲಕ್ಕೆ ಹೋದರೆ ಬೀದಿ. ನಾನು ಮೇಜು ಹಿಡಿದುಕೊಂಡು ನಿಂತಿದ್ದೆ. ಹೊಸಿಲಾಚೆ ಅವನು ನಿಂತು, ಹಿಂದಕ್ಕೆ ತಿರುಗಿ, "ಅವನ ಹೆಸರೇನು?" ಎಂದ.

ಸುಳ್ಳು ಹೆಸರು ಹೇಳಬಹುದಿತ್ತು. "ತಿಪ್ಪೇಶ" ಎಂದೆ.

ಅವನು ನನ್ನ ಮುಖ ನೋಡಿದ. ನೆನಪಾಗಿರಲಿಕ್ಕಿಲ್ಲ, ನೆನಪಾಗುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಆದರೆ ಕಂಕುಳಲ್ಲಿದ್ದ ಡಬ್ಬಿಯನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. "ಮಂದಾರನ ಮನೆ ಅಂಚೆ ಕಚೇರಿ ಹಿಂದೆ ಅಲ್ವಾ?" ಎಂದು ಕೇಳಿದ. ಹೌದು ಎಂದೆ. "ತಂತಿ ಕಾಣ್ತದೆ ಅಂತ ಹೇಳಿ ಬರ್ತೀನಿ. ನೀನೂ ಬಾ, ಒಬ್ಬನೇ ಹೋಗೋಕೆ ಯಾಕೋ ಭಯ ಆಗ್ತಿದೆ" ಎಂದ. ನಾನು ಬಾಗಿಲಿಗೆ ಬೀಗ ಹಾಕದೆ ಅವನ ಜೊತೆ ಹೊರಟೆ.